ಕಿತ್ತರೂ ಮತ್ತೆ ಬರುವ ಜಾಹೀರಾತು: ಬ್ರೌಸರ್ ಹೈಜಾಕರ್‌ನ ಬೇರು ಹುಡುಕುವ ಬಗೆ

ಸಾಗರದಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ನನ್ನ ಸೋದರತ್ತೆಯ ಮಗ ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫೋನ್ ಮಾಡಿದ. "ಭಾವ, ಮೂರು ಸಲ ತೆಗೆದೆ, ಮೂರು ಸಲವೂ ಬಂತು" ಎಂದ. ಅವನ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದರೆ ಗೂಗಲ್ ಇರಬೇಕಾದ ಕಡೆ ಯಾವುದೋ ಊರು ಹೆಸರಿಲ್ಲದ ಹುಡುಕುಪುಟ. "ಪಹಣಿ" ಎಂದು ಬರೆದು ಎಂಟರ್ ಒತ್ತಿದರೆ ವಿಳಾಸದ ಜಾಗದಲ್ಲಿ ಎರಡು ಮೂರು ಅಪರಿಚಿತ ಹೆಸರುಗಳು ಮಿಂಚಿ ಮರೆಯಾಗುತ್ತಿದ್ದವು, ಕೊನೆಗೆ ಯಾಹೂ ಪುಟ ಬಂದು ನಿಲ್ಲುತ್ತಿತ್ತು. ಅದರ ಮೇಲ್ಭಾಗದಲ್ಲೆಲ್ಲ ಜಾಹೀರಾತು. ಸಾಲದ್ದಕ್ಕೆ ಪರದೆಯ ಬಲ ಮೂಲೆಯಲ್ಲಿ, "ನಿಮ್ಮ ಕಂಪ್ಯೂಟರಿಗೆ ಐದು ವೈರಸ್ ತಗಲಿವೆ" ಎಂದು ಹೆದರಿಸುವ ಕೆಂಪು ಚೀಟಿ. ಪಹಣಿ ಮುದ್ರಿಸಿಕೊಳ್ಳಲು ಬಂದ ಹಳ್ಳಿಯವರೊಬ್ಬರು ಅದನ್ನು ಓದಿ, "ತಮ್ಮಾ, ನನ್ನ ಕಾಗದಕ್ಕೇನೂ ಆಗುವುದಿಲ್ಲ ತಾನೇ?" ಎಂದು ಕೇಳಿದರಂತೆ.

ಅವನು ಮಾಡಿದ್ದ ಮೂರು ಪ್ರಯತ್ನಗಳೂ ಸುಮ್ಮನೆ ಮಾಡಿದವಲ್ಲ. ಮೊದಲು ಹುಡುಕುತಾಣವನ್ನು ಮರಳಿ ಗೂಗಲ್ ಎಂದು ಬದಲಿಸಿದ್ದ. ಆಮೇಲೆ ಕ್ರೋಮ್‌ನ ಸೆಟ್ಟಿಂಗ್‌ಗಳನ್ನೆಲ್ಲ ರೀಸೆಟ್ ಮಾಡಿದ್ದ. ಕೊನೆಗೆ ಸಿಟ್ಟಿನಲ್ಲಿ ಕ್ರೋಮ್ ಅನ್ನೇ ಅಳಿಸಿ ಹೊಸದಾಗಿ ಹಾಕಿದ್ದ. ಗದ್ದೆಯಲ್ಲಿ ಜೇಕು ಕಿತ್ತವರಿಗೆ ಈ ಅನುಭವ ಹೊಸದಲ್ಲ. ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಮಣ್ಣಿನಲ್ಲೇ ಇರುತ್ತದೆ. ಹೀಗೆ ಬ್ರೌಸರನ್ನು ವಶಪಡಿಸಿಕೊಳ್ಳುವ ತಂತ್ರಾಂಶವೇ ಬ್ರೌಸರ್ ಹೈಜಾಕರ್, ಬ್ರೌಸರ್ ಒಳಗೆ ಕಾಣುವುದು ಅದರ ಹುಲ್ಲು ಮಾತ್ರ. ಆದ್ದರಿಂದ "ಇದನ್ನು ತೆಗೆಯುವುದು ಹೇಗೆ?" ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, "ಇದನ್ನು ಮರಳಿ ಹಾಕುತ್ತಿರುವುದು ಯಾವುದು, ಮತ್ತು ಯಾವಾಗ?" ಎಂದು.

ಕಾಣುವ ಯಾಹೂ ಅಥವಾ ಬಿಂಗ್ ಇಲ್ಲಿ ಕಳ್ಳನಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ನಡುವೆ ಮಿಂಚಿ ಮರೆಯಾದ ವಿಳಾಸಗಳೇ ದಲ್ಲಾಳಿಗಳು. ನೀವು ಹುಡುಕಿದ ಪದವನ್ನು ಅವು ಹಿಡಿದು, ತಮ್ಮ ಗುರುತಿನ ಚೀಟಿ ಅಂಟಿಸಿ, ನಿಜವಾದ ಹುಡುಕುತಾಣಕ್ಕೆ ದಾಟಿಸುತ್ತವೆ. ಜಾಹೀರಾತಿನ ಆದಾಯದಲ್ಲಿ ಒಂದು ಪಾಲು ದಲ್ಲಾಳಿಗೆ. ಒಂದು ಕಂಪ್ಯೂಟರಿನಿಂದ ಸಿಗುವುದು ಬಿಡಿಗಾಸು, ಆದರೆ ಕಂಪ್ಯೂಟರುಗಳು ಕೋಟಿಗಟ್ಟಲೆ. 2017ರಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಸುರಕ್ಷತಾ ಸಂಸ್ಥೆ ಫೈರ್‌ಬಾಲ್ ಎಂಬ ಇಂಥದೇ ತಂತ್ರಾಂಶ ಜಗತ್ತಿನ 25 ಕೋಟಿ ಕಂಪ್ಯೂಟರುಗಳಲ್ಲಿದೆ, ಅದರಲ್ಲಿ ಎರಡೂವರೆ ಕೋಟಿ ಭಾರತದವು ಎಂದು ಅಂದಾಜಿಸಿತ್ತು. ಆ ಲೆಕ್ಕ ಅತಿಯಾಯಿತು ಎಂದು ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಅರ್ಧಕ್ಕರ್ಧ ಕಳೆದರೂ ಸಣ್ಣ ವ್ಯಾಪಾರವಲ್ಲ. ಇಷ್ಟು ಲಾಭವಿರುವಾಗ, ನೀವು ಒಂದು ಸಲ ಅಳಿಸಿದ ಮಾತ್ರಕ್ಕೆ ಅವರು ಬಿಟ್ಟು ಹೋಗುವುದಿಲ್ಲ.

ಮೊದಲು ಕೈ ಕಟ್ಟಿ ನೋಡಿ

ಅಂಗಡಿಗೆ ಹೋದವನು ಮೌಸ್ ಮುಟ್ಟುವ ಮೊದಲು ಅರ್ಧ ಗಂಟೆ ಸುಮ್ಮನೆ ಗಮನಿಸಿದೆ. ಕಾಟ ಯಾವ ಹೊತ್ತಿನಲ್ಲಿ, ಯಾವ ಬಾಗಿಲಿನಿಂದ ಬರುತ್ತದೆ ಎಂಬುದರಲ್ಲೇ ಮುಕ್ಕಾಲು ಉತ್ತರ ಇರುತ್ತದೆ.

ಡೆಸ್ಕ್‌ಟಾಪಿನ ಚಿಹ್ನೆಯಿಂದ ತೆರೆದಾಗ ಮಾತ್ರ ಕೆಟ್ಟ ಪುಟ ಬಂದು, ಸ್ಟಾರ್ಟ್ ಮೆನುವಿನಿಂದ ತೆರೆದರೆ ಬಾರದಿದ್ದರೆ ದೋಷ ಶಾರ್ಟ್‌ಕಟ್‌ನಲ್ಲಿದೆ. ಕ್ರೋಮ್‌ನಲ್ಲಿ ಮಾತ್ರ ಕಾಟ, ಎಡ್ಜ್ ಅಥವಾ ಫೈರ್‌ಫಾಕ್ಸ್ ಚೆನ್ನಾಗಿವೆ ಎಂದಾದರೆ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ) ಇಲ್ಲವೇ ಕ್ರೋಮ್‌ಗೆ ಹೊರಗಿನಿಂದ ಹೇರಿದ ನಿಯಮ, ಅಂದರೆ ಪಾಲಿಸಿ. ಎಲ್ಲ ಬ್ರೌಸರ್‌ಗಳಲ್ಲೂ ಒಂದೇ ಬಗೆಯ ಕಾಟವಿದ್ದರೆ ಪ್ರಾಕ್ಸಿ (ಇಂಟರ್ನೆಟ್ ಸಂಚಾರ ಹಾದುಹೋಗುವ ಮಧ್ಯವರ್ತಿ), ಅಥವಾ ತಾಣದ ಹೆಸರಿನಿಂದ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಹೋಸ್ಟ್ಸ್ ಕಡತ ಇಲ್ಲವೇ ಡಿಎನ್‌ಎಸ್. ಮನೆಯ ವೈಫೈ ಹಿಡಿದ ಮೊಬೈಲಿನಲ್ಲೂ ಕಾಣಿಸಿಕೊಂಡು, ಮೊಬೈಲ್ ಡೇಟಾಕ್ಕೆ ಬದಲಿಸಿದೊಡನೆ ನಿಂತರೆ ಕಂಪ್ಯೂಟರನ್ನು ಬಿಟ್ಟು ರೂಟರ್ ಕಡೆ ನೋಡಿ. ತೆಗೆದ ಹತ್ತಿಪ್ಪತ್ತು ನಿಮಿಷಕ್ಕೋ, ಕಂಪ್ಯೂಟರ್ ಮತ್ತೆ ಶುರು ಮಾಡಿದ ಮೇಲೋ ಮರಳಿ ಬಂದರೆ ಬ್ರೌಸರಿನ ಹೊರಗೆ ಕಾವಲುಗಾರನೊಬ್ಬ ಕುಳಿತಿದ್ದಾನೆ. ಗೂಗಲ್ ಖಾತೆಗೆ ಸೈನ್ ಇನ್ ಆದ ಕೂಡಲೇ ಮರಳಿದರೆ ಅದು ಸಿಂಕ್‌ನಿಂದ, ಅಂದರೆ ಒಂದೇ ಖಾತೆಯ ಎಲ್ಲ ಯಂತ್ರಗಳ ಕ್ರೋಮ್ ಅನ್ನು ಒಂದೇ ರೀತಿ ಇಡುವ ಸೌಲಭ್ಯದಿಂದ ಬರುತ್ತಿದೆ.

ಇನ್ನೊಂದು ಪರೀಕ್ಷೆ ನನಗೆ ತುಂಬ ಇಷ್ಟ. ಕ್ರೋಮ್‌ನಲ್ಲಿ ಹೊಸ ಪ್ರೊಫೈಲ್ ಒಂದನ್ನು ತೆರೆಯಿರಿ, ಯಾವ ಖಾತೆಗೂ ಸೈನ್ ಇನ್ ಆಗಬೇಡಿ. ಕಾಟ ಅಲ್ಲಿಲ್ಲದಿದ್ದರೆ ರೋಗ ಹಳೆಯ ಪ್ರೊಫೈಲಿನೊಳಗಿದೆ. ಹುಟ್ಟಿ ಒಂದು ನಿಮಿಷವಾಗದ ಪ್ರೊಫೈಲಿಗೂ ಅದೇ ಎಕ್ಸ್‌ಟೆನ್ಷನ್ ಬಂದು ಕುಳಿತರೆ ಹಾಕುತ್ತಿರುವುದು ಕಂಪ್ಯೂಟರು. ನನ್ನ ಸೋದರತ್ತೆಯ ಮಗನ ಯಂತ್ರದಲ್ಲಿ ಬಂದು ಕುಳಿತಿತು. ಕ್ರೋಮ್ ಅಳಿಸಿ ಹಾಕಿದರೂ ಉಪಯೋಗವಾಗದ ಕಾರಣ ಅಲ್ಲೇ ಸಿಕ್ಕಿತು. ಪಾಲಿಸಿ, ನಿಗದಿತ ಟಾಸ್ಕ್ ಇವೆಲ್ಲ ವಿಂಡೋಸ್‌ನ ಸೊತ್ತು. ಕ್ರೋಮ್ ಹೋದರೂ ಅವು ಅಲ್ಲೇ ಇರುತ್ತವೆ. ಬ್ರೌಸಿಂಗ್ ಮಾಹಿತಿಯನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕದೆ ಕ್ರೋಮ್ ತೆಗೆದರೆ ಹಳೆಯ ಪ್ರೊಫೈಲ್ ಕೂಡ ಡಿಸ್ಕ್‌ನಲ್ಲೇ ಉಳಿಯುತ್ತದೆ.

ದಿನಾಂಕ ಹಿಡಿದು ಹೋಗಿ

"ಯಾವತ್ತಿನಿಂದ ಶುರುವಾಯಿತು?" ಎಂದು ಕೇಳಿದೆ. "ಗೊತ್ತಿಲ್ಲ, ಒಂದು ವಾರ ಇರಬಹುದು" ಎಂದ. ಈ ಪ್ರಶ್ನೆಗೆ ಎಲ್ಲರದೂ ಇದೇ ಉತ್ತರ, ಹಾಗಾಗಿ ಯಂತ್ರವನ್ನೇ ಕೇಳುವುದು ಮೇಲು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಹಾಕಿದ ದಿನಾಂಕದ ಪ್ರಕಾರ ಜೋಡಿಸಿದೆ. ಮೇಲಿನಿಂದ ಮೂರನೆಯದು, ಪಿಡಿಎಫ್ ಅನ್ನು ವರ್ಡ್‌ಗೆ ಬದಲಿಸುವ ಪುಟ್ಟ ತಂತ್ರಾಂಶ, ಹಿಂದಿನ ಮಂಗಳವಾರದ್ದು. ಆಗ ಅವನಿಗೆ ನೆನಪಾಯಿತು. ಸಹಕಾರ ಸಂಘದ ವಾರ್ಷಿಕ ವರದಿ ಪಿಡಿಎಫ್‌ನಲ್ಲಿ ಬಂದಿತ್ತು, ತಿದ್ದುಪಡಿ ತುರ್ತಾಗಿ ಬೇಕಿತ್ತು, ಹುಡುಕಿದಾಗ ಸಿಕ್ಕ ಪುಟದಲ್ಲಿ ದೊಡ್ಡ ಹಸಿರು ಬಟನ್ ಇತ್ತು.

ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆ ಇನ್‌ಸ್ಟಾಲರ್ ಬಂದ ಹೊತ್ತು ಮಂಗಳವಾರ 11 ಗಂಟೆ 42 ನಿಮಿಷ. ಇದೇ ನನ್ನ ಮಾಪನ. ಅಲ್ಲಿಂದ ಮುಂದಿನ ಹತ್ತು ನಿಮಿಷಗಳಲ್ಲಿ ಈ ಯಂತ್ರದಲ್ಲಿ ಹುಟ್ಟಿದ್ದೆಲ್ಲವೂ ಸಂಶಯಾಸ್ಪದ. ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನ ರೋಮಿಂಗ್ ಮತ್ತು ಲೋಕಲ್ ಎಂಬ ಎರಡು ಒಳಮನೆಗಳನ್ನು ದಿನಾಂಕದಂತೆ ಜೋಡಿಸಿದರೆ 11:43ಕ್ಕೆ ಹುಟ್ಟಿದ, ಅರ್ಥವಿಲ್ಲದ ಹೆಸರಿನ ಒಂದು ಫೋಲ್ಡರ್ ಸಿಕ್ಕಿತು. ಆ್ಯಪ್‌ಡೇಟಾ ಸಾಮಾನ್ಯವಾಗಿ ಅಡಗಿರುತ್ತದೆ, ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಅಡಗಿದವನ್ನು ತೋರಿಸು ಎಂದು ಹೇಳಬೇಕು.

ಈಗ ಕಾವಲುಗಾರ. ಸ್ಟಾರ್ಟ್ ಮೆನುವಿನಲ್ಲಿ ಟಾಸ್ಕ್ ಶೆಡ್ಯೂಲರ್ ಎಂದು ಹುಡುಕಿ ತೆರೆಯಿರಿ. ಎಡಗಡೆ ಲೈಬ್ರರಿಯ ಮೇಲೆ ಒತ್ತಿದರೆ ಪಟ್ಟಿ ಬರುತ್ತದೆ, ಅಡ್ಡ ಸ್ಕ್ರೋಲ್ ಮಾಡಿ ಕೊನೆಯ ಕಂಬಸಾಲಿಗೆ ಹೋದರೆ ಪ್ರತಿಯೊಂದು ಹುಟ್ಟಿದ ದಿನಾಂಕ. ಅಲ್ಲಿ ಮಂಗಳವಾರ 11:44ಕ್ಕೆ ಹುಟ್ಟಿದ ಒಂದು ಟಾಸ್ಕ್ ಇತ್ತು. ಹೆಸರೇನೋ ಬಹಳ ಮರ್ಯಾದಸ್ಥ, ಯಾವುದೋ ಅಪ್‌ಡೇಟ್ ಸೇವೆಯಂತೆ. ಆದರೆ ಟ್ರಿಗರ್ಸ್ ಎಂಬಲ್ಲಿ ನೋಡಿದರೆ ಹತ್ತು ನಿಮಿಷಕ್ಕೊಮ್ಮೆ, ಎಂದೆಂದಿಗೂ. ಆ್ಯಕ್ಷನ್ಸ್ ಎಂಬಲ್ಲಿ, ಬರೆದ ಆಜ್ಞೆಗಳನ್ನು ನಡೆಸುವ ವಿಂಡೋಸ್‌ನ ಸಾಧನ ಪವರ್‌ಶೆಲ್ ಅನ್ನು ಕಿಟಕಿ ಕಾಣದಂತೆ ನಡೆಸುವ ಆಜ್ಞೆ, ಅದರ ಹಿಂದೆ ಪರದೆಯ ಅಗಲವನ್ನೂ ಮೀರಿ ಹರಿಯುವ ಅಕ್ಷರ ಅಂಕಿಗಳ ಸಾಲು. ತಾನು ಮಾಡುವ ಕೆಲಸ ಓದಲು ಬಾರದಂತೆ ಸಂಕೇತಕ್ಕೆ ಬದಲಿಸಿದ ಆಜ್ಞೆ ಅದು. ಅಪ್‌ಡೇಟ್ ಮಾಡುವ ಪ್ರಾಮಾಣಿಕ ತಂತ್ರಾಂಶ ಹತ್ತು ನಿಮಿಷಕ್ಕೊಮ್ಮೆ ಮುಖ ಮುಚ್ಚಿಕೊಂಡು ಬರುವುದಿಲ್ಲ. 2022ರಲ್ಲಿ ಹರಡಿದ ಕ್ರೋಮ್‌ಲೋಡರ್ ಎಂಬ ಪಿಡುಗೂ ಇದೇ ಜಾಡಿನದು: ನಿಗದಿತ ಟಾಸ್ಕ್, ಪವರ್‌ಶೆಲ್, ಅದರ ಮೂಲಕ ಎಕ್ಸ್‌ಟೆನ್ಷನ್. ಜನ ಎಕ್ಸ್‌ಟೆನ್ಷನ್ ಪುಟ ತೆರೆಯಲು ಹೋದರೆ ಬೇರೆ ಪುಟಕ್ಕೆ ತಳ್ಳುವಷ್ಟು ಜಾಣತನ ಅದಕ್ಕಿತ್ತು.

ಇಲ್ಲಿ ಆತುರಪಟ್ಟು ಕಂಡದ್ದನ್ನೆಲ್ಲ ಅಳಿಸಬೇಡಿ. ಗೂಗಲ್, ಎಡ್ಜ್, ಒನ್‌ಡ್ರೈವ್‌ಗಳ ನಿಜವಾದ ಅಪ್‌ಡೇಟ್ ಟಾಸ್ಕ್‌ಗಳೂ ಅದೇ ಪಟ್ಟಿಯಲ್ಲಿರುತ್ತವೆ. ಮೊದಲು ಡಿಸೇಬಲ್ ಮಾಡಿ, ಒಂದು ದಿನ ನೋಡಿ, ಆಮೇಲೆ ಅಳಿಸಿ. ಟಾಸ್ಕ್ ಶೆಡ್ಯೂಲರಿನಲ್ಲಿ ಏನೂ ಸಿಗದಿದ್ದರೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಎಂಬ ಸಾಧನಗಳ ಗುಚ್ಛದಲ್ಲಿರುವ ಆಟೋರನ್ಸ್ ಬಳಸಿ. ವಿಂಡೋಸ್ ಜೊತೆ ತಾನಾಗಿ ಶುರುವಾಗುವ ಬಹುತೇಕ ಎಲ್ಲವನ್ನೂ ಅದು ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಮೈಕ್ರೋಸಾಫ್ಟ್‌ನವನ್ನು ಮರೆಮಾಡುವ ಆಯ್ಕೆ ಒತ್ತಿದರೆ ಪಟ್ಟಿ ಕೈಗೆಟುಕುವಷ್ಟಕ್ಕೆ ಇಳಿಯುತ್ತದೆ.

"ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ"

ಮೂರು ಚುಕ್ಕಿಯ ಮೆನುವಿನ ತಳದಲ್ಲಿ ಕ್ರೋಮ್ ಹೀಗೊಂದು ಸಾಲು ತೋರಿಸುತ್ತಿತ್ತು. ಒಬ್ಬನೇ ನಡೆಸುವ ಅಂಗಡಿಗೆ ಯಾವ ಸಂಸ್ಥೆ? ಎಕ್ಸ್‌ಟೆನ್ಷನ್‌ಗಳ ಪುಟದಲ್ಲಿ ಆ ಕಿಡಿಗೇಡಿಯ ಪಕ್ಕ ರಿಮೂವ್ ಬಟನ್ನೇ ಇರಲಿಲ್ಲ. ಕಂಪನಿಗಳು ತಮ್ಮ ನೌಕರರ ಕಂಪ್ಯೂಟರಿಗೆ ನಿಯಮ ಹಾಕಲೆಂದು ಇರುವ ಸೌಲಭ್ಯವನ್ನು ಇವರು ಕದ್ದು ಬಳಸುತ್ತಾರೆ. ವಿಳಾಸದ ಜಾಗದಲ್ಲಿ ಕ್ರೋಮ್ ಎಂದು ಬರೆದು, ಕೋಲನ್ ಮತ್ತು ಎರಡು ಓರೆಗೆರೆ ಹಾಕಿ, ಪಾಲಿಸಿ ಎಂದು ಸೇರಿಸಿ ಎಂಟರ್ ಒತ್ತಿದರೆ ಜಾರಿಯಲ್ಲಿರುವ ನಿಯಮಗಳೆಲ್ಲ ಕಾಣುತ್ತವೆ. ಎಡ್ಜ್‌ನಲ್ಲಿ ಕ್ರೋಮ್ ಬದಲು ಎಡ್ಜ್ ಎಂದು ಬರೆದರಾಯಿತು. ಫೈರ್‌ಫಾಕ್ಸ್‌ನಲ್ಲಿ ಅಬೌಟ್, ಕೋಲನ್, ಪಾಲಿಸೀಸ್.

ಇಲ್ಲಿ ಇದ್ದದ್ದು ಒಂದೇ ನಿಯಮ, ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್, ಅಂದರೆ ಬಲವಂತವಾಗಿ ಹಾಕಬೇಕಾದ ಎಕ್ಸ್‌ಟೆನ್ಷನ್‌ಗಳ ಪಟ್ಟಿ. ಅದರ ಮುಂದೆ ಎ ಇಂದ ಪಿ ವರೆಗಿನ ಇಂಗ್ಲಿಷ್ ಅಕ್ಷರಗಳಷ್ಟೇ ಇರುವ 32 ಅಕ್ಷರಗಳ ಗೊಂಚಲು. ಪ್ರತಿ ಕ್ರೋಮ್ ಎಕ್ಸ್‌ಟೆನ್ಷನ್‌ಗೂ ಇರುವ ಗುರುತು ಅದು. ಎಕ್ಸ್‌ಟೆನ್ಷನ್ ಪುಟದಲ್ಲಿ ಡೆವಲಪರ್ ಮೋಡ್ ಹಾಕಿದರೆ ಪ್ರತಿಯೊಂದರ ಕೆಳಗೆ ಆ ಗುರುತು ಕಾಣುತ್ತದೆ, ಹೋಲಿಸಿದರೆ ಆಯಿತು. "ಆದರೆ ಇದು ಗೂಗಲ್‌ನ ವೆಬ್ ಸ್ಟೋರ್‌ನಲ್ಲೇ ಇದೆಯಲ್ಲ ಭಾವ" ಎಂದ ನಮ್ಮವನು. ಇರಲೇಬೇಕು. ಸಂಸ್ಥೆಯ ಜಾಲಕ್ಕೆ ಸೇರದ ವಿಂಡೋಸ್ ಯಂತ್ರದಲ್ಲಿ ಈ ದಾರಿಯಿಂದ ವೆಬ್ ಸ್ಟೋರ್‌ನಲ್ಲಿರುವುದನ್ನು ಮಾತ್ರ ಹೇರಲು ಕ್ರೋಮ್ ಬಿಡುತ್ತದೆ. ಸ್ಟೋರ್‌ನಲ್ಲಿದೆ ಎಂಬುದು ಒಳ್ಳೆಯ ನಡತೆಯ ಪ್ರಮಾಣಪತ್ರವಲ್ಲ. ಲಕ್ಷಾಂತರ ಜನ ಮೆಚ್ಚಿ ಬಳಸುತ್ತಿದ್ದ ಗ್ರೇಟ್ ಸಸ್ಪೆಂಡರ್ ಎಂಬ ಎಕ್ಸ್‌ಟೆನ್ಷನ್ 2020ರಲ್ಲಿ ಕೈ ಬದಲಾಯಿಸಿತು, 2021ರ ಫೆಬ್ರವರಿಯಲ್ಲಿ ಅದರೊಳಗೆ ಕೆಟ್ಟ ಕೋಡ್ ಇದೆಯೆಂದು ಗೂಗಲ್ ಅದನ್ನು ಕಿತ್ತುಹಾಕಿತು.

ನಿಯಮ ಇರುವುದು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ಕಣಜದಲ್ಲಿ. ರಿಜಿಸ್ಟ್ರಿ ಎಡಿಟರ್ ತೆರೆದು ಹೆಚ್‌ಕೀ ಲೋಕಲ್ ಮೆಷಿನ್, ಅದರೊಳಗೆ ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಹೀಗೆ ಇಳಿಯಬೇಕು. ಹೆಚ್‌ಕೀ ಕರೆಂಟ್ ಯೂಸರ್‌ನ ಅದೇ ದಾರಿಯಲ್ಲೂ ನೋಡಬೇಕು. ಅಳಿಸುವ ಮೊದಲು ಆ ಕ್ರೋಮ್ ಕೀಯ ಮೇಲೆ ಬಲ ಗುಂಡಿ ಒತ್ತಿ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಇದನ್ನು ಮುಟ್ಟಬೇಡಿ, ಅಲ್ಲಿ ನಿಜವಾಗಿಯೂ ಸಂಸ್ಥೆ ಇದೆ. ಕೆಲವು ಆಂಟಿವೈರಸ್‌ಗಳೂ ಇಲ್ಲಿ ತಮ್ಮ ನಿಯಮ ಬರೆಯುತ್ತವೆ, ಆದ್ದರಿಂದ ಇಡೀ ಕೀಯನ್ನು ಬೀಸಾಡದೆ ಆ 32 ಅಕ್ಷರದ ಸಾಲನ್ನಷ್ಟೇ ತೆಗೆಯುವುದು ವಿವೇಕ.

ತೆಗೆಯುವ ಕ್ರಮ

ಕ್ರಮ ತಪ್ಪಿದರೆ ಶ್ರಮವೆಲ್ಲ ನೀರಿನಲ್ಲಿ ಹೋಮ. ಪಾಲಿಸಿ ಮೊದಲು ಅಳಿಸಿದರೆ ಹತ್ತು ನಿಮಿಷದೊಳಗೆ ಟಾಸ್ಕ್ ಬಂದು ಅದನ್ನು ಮತ್ತೆ ಬರೆಯುತ್ತದೆ. ನಾನು ಮೊದಲು ಇಂಟರ್ನೆಟ್ ಕೇಬಲ್ ಕಿತ್ತೆ. ಹೇರಿದ ಎಕ್ಸ್‌ಟೆನ್ಷನ್ ಮತ್ತೆ ಇಳಿಯಲು ಜಾಲ ಬೇಕಲ್ಲ. ನಂತರ ಕ್ರೋಮ್ ಮುಚ್ಚಿ ಟಾಸ್ಕ್ ಅನ್ನು ನಿಲ್ಲಿಸಿದೆ, ಟಾಸ್ಕ್ ಮ್ಯಾನೇಜರಿನಲ್ಲಿ ಆ ಫೋಲ್ಡರಿನಿಂದ ಓಡುತ್ತಿದ್ದ ಪ್ರಕ್ರಿಯೆಯನ್ನು ಕೊನೆಗೊಳಿಸಿದೆ, ಪಿಡಿಎಫ್ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಅದು ತನ್ನ ಜೊತೆ ತಂದದ್ದನ್ನು ವಾಪಸು ಒಯ್ಯುವುದಿಲ್ಲ, ಹಾಗಾಗಿ 11:43ರ ಫೋಲ್ಡರನ್ನು ಕೈಯಾರೆ ಅಳಿಸಬೇಕಾಯಿತು. ಆಮೇಲೆ ಪಾಲಿಸಿ. ಕ್ರೋಮ್ ತೆರೆದಾಗ ಎಕ್ಸ್‌ಟೆನ್ಷನ್ ಜಾಗ ಖಾಲಿಯಾಗಿತ್ತು. ಹುಡುಕುತಾಣವನ್ನು ಗೂಗಲ್‌ಗೆ ತಿರುಗಿಸಿದ್ದು, ಮುಖಪುಟ ಸರಿಪಡಿಸಿದ್ದು ಎಲ್ಲ ಮುಗಿದ ಮೇಲೆ. ಅದು ಅವನು ಮೊದಲು ಮಾಡಿದ್ದ ಕೆಲಸ.

ಶಾರ್ಟ್‌ಕಟ್‌ಗಳನ್ನೂ ನೋಡಿದೆ. ಡೆಸ್ಕ್‌ಟಾಪಿನ ಕ್ರೋಮ್ ಚಿಹ್ನೆಯ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಎಂಬ ಚೌಕವಿದೆ. ಅದು ಕ್ರೋಮ್ ಡಾಟ್ ಇಎಕ್ಸ್‌ಇ ಎಂಬಲ್ಲಿಗೆ, ಮುಚ್ಚುವ ಉದ್ಧರಣ ಚಿಹ್ನೆಯೊಂದಿಗೆ ಮುಗಿಯಬೇಕು. ಇಲ್ಲಿ ಅದರಾಚೆ ಒಂದು ಖಾಲಿ ಜಾಗ, ಆಮೇಲೆ ಆ ಹುಡುಕುಪುಟದ ಪೂರ್ತಿ ವಿಳಾಸ. ಚೌಕ ಕಿರಿದಾದ್ದರಿಂದ ಬಾಣದ ಕೀಲಿ ಒತ್ತಿ ಕೊನೆಯವರೆಗೆ ಹೋದರೆ ಮಾತ್ರ ಕಾಣುತ್ತದೆ. ಟಾಸ್ಕ್‌ಬಾರಿಗೆ ಚುಚ್ಚಿದ ಚಿಹ್ನೆ ಬೇರೆಯೇ ಶಾರ್ಟ್‌ಕಟ್, ಅದನ್ನು ತೆಗೆದು ಹೊಸದಾಗಿ ಚುಚ್ಚುವುದು ಸುಲಭ. ಹೆದರಿಸುವ ಕೆಂಪು ಚೀಟಿ ಮಾತ್ರ ಇದಾವುದಕ್ಕೂ ಸಂಬಂಧಿಸಿದ್ದಲ್ಲ. ಯಾವುದೋ ತಾಣದಲ್ಲಿ "ನೀವು ರೋಬೋಟ್ ಅಲ್ಲದಿದ್ದರೆ ಅಲೋ ಒತ್ತಿ" ಎಂದದ್ದಕ್ಕೆ ಒತ್ತಿದ ಫಲ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ಪಡೆದ ತಾಣಗಳ ಪಟ್ಟಿಯಿಂದ ಅದನ್ನು ಕಿತ್ತರೆ ಮುಗಿಯಿತು. ಅಂಥ ಚೀಟಿಯಲ್ಲಿ ಫೋನ್ ನಂಬರ್ ಇದ್ದರೆ ದಯವಿಟ್ಟು ಕರೆ ಮಾಡಬೇಡಿ.

ಇಷ್ಟೆಲ್ಲ ಕೈಯಿಂದ ಯಾಕೆ, ತಂತ್ರಾಂಶವೇ ಇಲ್ಲವೇ ಎಂದು ಕೇಳಬಹುದು. ಇದೆ. ಮಾಲ್‌ವೇರ್‌ಬೈಟ್ಸ್‌ನವರ ಆ್ಯಡ್‌ಡಬ್ಲ್ಯೂಕ್ಲೀನರ್ ಉಚಿತ, ಕೆಲವೇ ನಿಮಿಷಗಳ ಕೆಲಸ. ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಅಡಗಿದವೂ ಸಿಗುತ್ತವೆ. ನಿಮಗೆ ರಿಜಿಸ್ಟ್ರಿ ಎಂದರೆ ಭಯವಿದ್ದರೆ ಇವೆರಡರಿಂದಲೇ ಆರಂಭಿಸಿ, ತಪ್ಪೇನಿಲ್ಲ. ಆದರೆ ಅವು ಏನೇನು ಹಿಡಿದವು ಎಂಬ ವರದಿಯ ಪ್ರತಿ ಇಟ್ಟುಕೊಳ್ಳಿ, ಕಾಟ ಮರಳಿದರೆ ಆ ಹೆಸರುಗಳೇ ಜಾಡು. ಹಳೆಯ ಲೇಖನಗಳು ಹೇಳುವ ಕ್ರೋಮ್‌ನ ಸ್ವಂತ ಸ್ವಚ್ಛತಾ ಸಾಧನವನ್ನು ಹುಡುಕಬೇಡಿ, ಗೂಗಲ್ ಅದನ್ನು 2023ರಲ್ಲಿ ತೆಗೆದುಹಾಕಿದೆ. ಇನ್ನು ಇಂಥ ಹೈಜಾಕರ್‌ನ ಹೆಸರು ಹಾಕಿ ಪರಿಹಾರ ಹುಡುಕಿದರೆ ಸಿಗುವ ಪುಟಗಳಲ್ಲಿ ಬಹಳಷ್ಟು ಇನ್ನೊಂದು ಸಂಶಯದ ತಂತ್ರಾಂಶವನ್ನು ಮಾರಲು ಬರೆದವು. ಇಲಿ ಹಿಡಿಯಲು ಹೆಗ್ಗಣ ಸಾಕಿದ ಹಾಗೆ.

ಎಲ್ಲ ಬ್ರೌಸರ್‌ಗಳಲ್ಲೂ ಕಾಟವಿದ್ದರೆ

ನಮ್ಮವನಿಗೆ ಇದು ಬೇಕಾಗಲಿಲ್ಲ, ಆದರೂ ಹೇಳಬೇಕು. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪ್ರಾಕ್ಸಿ ನೋಡಿ. ನೀವು ಹಾಕದಿದ್ದರೂ ಅಲ್ಲಿ 127.0.0.1 ಎಂಬ ವಿಳಾಸವಿದ್ದರೆ, ನಿಮ್ಮ ಕಂಪ್ಯೂಟರಿನೊಳಗಿನ ಯಾವುದೋ ತಂತ್ರಾಂಶದ ಮೂಲಕ ಎಲ್ಲವೂ ಹಾದುಹೋಗುತ್ತಿದೆ. ಜಾಹೀರಾತು ತುರುಕುವ ಆ ತಂತ್ರಾಂಶ ಹೋಗಿ ಪ್ರಾಕ್ಸಿ ಉಳಿದರೆ ಇಂಟರ್ನೆಟ್ಟೇ ನಿಲ್ಲುತ್ತದೆ. ವೈಫೈ ಇದೆ, ಪುಟ ಮಾತ್ರ ತೆರೆಯದು. "ಕ್ಲೀನ್ ಮಾಡಿ ಕೆಡಿಸಿದಿರಿ" ಎಂಬ ಬೈಗುಳ ನಾನು ಒಮ್ಮೆ ತಿಂದದ್ದು ಇದಕ್ಕೇ. ವಿಂಡೋಸ್ ಫೋಲ್ಡರಿನ ಸಿಸ್ಟಮ್ 32ರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಫೋಲ್ಡರಿನಲ್ಲಿ ಹೋಸ್ಟ್ಸ್ ಎಂಬ ಕಡತವಿದೆ. ಹೊಸ ವಿಂಡೋಸ್‌ನಲ್ಲಿ ಅದರ ಪ್ರತಿ ಸಾಲೂ ಹ್ಯಾಷ್ ಚಿಹ್ನೆಯಿಂದ ಆರಂಭವಾಗುತ್ತದೆ. ಆ ಚಿಹ್ನೆಯಿಲ್ಲದೆ ಹುಡುಕುತಾಣಗಳ ಹೆಸರಿರುವ ಸಾಲು ಕಂಡರೆ ಯಾರೋ ಬರೆದದ್ದು.

ಡಿಎನ್‌ಎಸ್ ಬದಲಿಸುವ ವಂಚನೆ ಹಳೆಯದು. ಡಿಎನ್‌ಎಸ್ ಚೇಂಜರ್ ಎಂಬ ಪಿಡುಗು ನೂರಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ಹಿಡಿದಿತ್ತು, ಅದರ ಜಾಲವನ್ನು ಅಮೆರಿಕದ ಎಫ್‌ಬಿಐ 2011ರ ನವೆಂಬರಿನಲ್ಲಿ ಭೇದಿಸಿತು. ರೂಟರಿನಲ್ಲಿ ಈ ಕೈಚಳಕ ನಡೆದಿದ್ದರೆ ಅದನ್ನು ಫ್ಯಾಕ್ಟರಿ ಸ್ಥಿತಿಗೆ ತಂದು, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಮೂರನೆಯ ದಿನದ ಫೋನ್

ನಾನು ಬಂದ ಮೂರನೆಯ ದಿನ ಅವನಿಂದ ಮತ್ತೆ ಫೋನ್. "ಭಾವ, ಬಂತು." ಈ ಸಲ ಪ್ರಶ್ನೆಗಳನ್ನು ಮಾತ್ರ ಕೇಳಿದೆ. ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಇದೆಯೇ? ಇಲ್ಲ. ರಿಮೂವ್ ಬಟನ್? ಇದೆ. ತೆಗೆದ ಹತ್ತು ನಿಮಿಷಕ್ಕೆ ಮರಳುತ್ತಿದೆಯೇ? ಇಲ್ಲ, ಬೆಳಿಗ್ಗೆ ಬಂದಾಗ ಇತ್ತು. ಹಿಂದಿನ ರಾತ್ರಿ ಏನು ಮಾಡಿದೆ? ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಿದ್ದ, ಅದೇ ಜಿಮೇಲ್ ಖಾತೆಯಲ್ಲಿ.

ಬೇರು ಈಗ ಬೇರೆ. ವರದಿಯ ಉಳಿದ ಭಾಗವನ್ನು ಮನೆಯಲ್ಲಿ ಮುಗಿಸಲು ಅವನು ಅದೇ ತಾಣಕ್ಕೆ ಹೋಗಿದ್ದ, ಅಲ್ಲಿ ಅದು ಪಿಡಿಎಫ್ ಸಹಾಯಕ ಎಂಬ ಸೋಗಿನಲ್ಲಿ ನೇರವಾಗಿ ಒಂದು ಎಕ್ಸ್‌ಟೆನ್ಷನ್ ಹಾಕಿಸಿತ್ತು. ಕ್ರೋಮ್ ಸಿಂಕ್ ಅದನ್ನು ಭಕ್ತಿಯಿಂದ ಅಂಗಡಿಗೂ ತಲುಪಿಸಿತು. ಎರಡೂ ಕಡೆ ಸಿಂಕ್ ನಿಲ್ಲಿಸಿ, ಎರಡೂ ಕಡೆ ಎಕ್ಸ್‌ಟೆನ್ಷನ್ ತೆಗೆದು, ಗೂಗಲ್ ಖಾತೆಯ ಕ್ರೋಮ್ ಸಿಂಕ್ ಪುಟದಲ್ಲಿ ಅಲ್ಲಿ ಕೂಡಿಟ್ಟದ್ದನ್ನು ಅಳಿಸಿ, ಆಮೇಲೆ ಮತ್ತೆ ಚಾಲೂ ಮಾಡುವಂತೆ ಹೇಳಿದೆ. ಸಿಂಕ್ ಅಳಿಸುವ ಮೊದಲು ಬುಕ್‌ಮಾರ್ಕ್‌ಗಳ ಒಂದು ಪ್ರತಿ ಎಕ್ಸ್‌ಪೋರ್ಟ್ ಮಾಡಿಸಿದೆ, ಸರ್ಕಾರಿ ತಾಣಗಳ ವಿಳಾಸಗಳೇ ಅವನ ಬಂಡವಾಳ.

ಪಾಸ್‌ವರ್ಡ್‌ಗಳನ್ನೂ ಬದಲಿಸಬೇಕಾಯಿತು, ಅದೂ ಸ್ವಚ್ಛವಾದ ಯಂತ್ರದಿಂದ. "ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದಲು ಮತ್ತು ಬದಲಿಸಲು" ಅನುಮತಿ ಪಡೆದ ಎಕ್ಸ್‌ಟೆನ್ಷನ್‌ಗೆ ನೀವು ಟೈಪಿಸಿದ್ದೆಲ್ಲ ಕಾಣುತ್ತದೆ. ಮೊದಲು ಇಮೇಲ್, ನಂತರ ಬ್ಯಾಂಕ್, ಆಮೇಲೆ ಉಳಿದದ್ದು. ಖಾತೆಯಿಂದ ಹಣವೇ ಹೋಗಿದ್ದರೆ ಕಂಪ್ಯೂಟರ್ ರಿಪೇರಿ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಕೊನೆಗೆ ವಿಂಡೋಸ್ ಸೆಕ್ಯುರಿಟಿಯ ಆ್ಯಪ್ ಮತ್ತು ಬ್ರೌಸರ್ ನಿಯಂತ್ರಣ ಭಾಗದಲ್ಲಿ, ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಚಾಲೂ ಇದೆಯೇ ಎಂದು ವೀಡಿಯೊ ಕರೆಯಲ್ಲಿ ತೋರಿಸು ಎಂದೆ. ಯಾವಾಗಲೋ ಯಾವುದೋ ತಂತ್ರಾಂಶ ಹಾಕುವಾಗ ಅಡ್ಡ ಬಂತೆಂದು ಅವನೇ ಅದನ್ನು ಆಫ್ ಮಾಡಿದ್ದ. ಮತ್ತೆ ಆನ್ ಮಾಡಿಸಿದೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆಯಲು ಹೇಳಿದೆ. ನಾನು ಅಳಿಸಿದ್ದ ಇನ್‌ಸ್ಟಾಲರಿನ ಅವಳಿ, ಹೆಸರಿನ ಕೊನೆಗೆ ಒಂದು ಎಂಬ ಅಂಕಿ ಅಂಟಿಸಿಕೊಂಡು, ಮದುವೆ ಕರೆಯೋಲೆಗಳ ನಡುವೆ ತಣ್ಣಗೆ ಕುಳಿತಿತ್ತು. ಅವತ್ತು ಹಸಿರು ಬಟನ್ ಅನ್ನು ಎರಡು ಸಲ ಒತ್ತಿದ್ದನಂತೆ, ಮೊದಲ ಸಲ ಏನೂ ಆಗಲಿಲ್ಲ ಎಂದುಕೊಂಡು.